ಗಾಯಕನಿಲ್ಲದ ಆಲ್ಬಂ
1974ರ ಕೊನೆಯಲ್ಲಿ ಗಿಟಾರ್ ವಾದಕ ಜೆಫ್ ಬೆಕ್ ಲಂಡನ್ನಿನ ಏರ್ ಸ್ಟುಡಿಯೊ ಹೊಕ್ಕಾಗ ಜೊತೆಗೆ ಗಾಯಕನೇ ಇರಲಿಲ್ಲ. ಅಲ್ಲಿ ಮುದ್ರಿಸಿದ ‘ಬ್ಲೋ ಬೈ ಬ್ಲೋ’ ಆಲ್ಬಂ ಪೂರ್ತಿ ವಾದ್ಯಸಂಗೀತ. ನಿರ್ಮಾಣ ಬೀಟಲ್ಸ್ ಖ್ಯಾತಿಯ ಜಾರ್ಜ್ ಮಾರ್ಟಿನ್ ಅವರದು. ಕೀಬೋರ್ಡಿಗೆ ಮ್ಯಾಕ್ಸ್ ಮಿಡಲ್‌ಟನ್.

ಅದರಲ್ಲಿ ಸ್ಟೀವಿ ವಂಡರ್ ರಚಿಸಿದ ‘ಕಾಸ್ ವೀವ್ ಎಂಡೆಡ್ ಆ್ಯಸ್ ಲವರ್ಸ್’ ಒಂದನ್ನೇ ಕೇಳಿ. ಶುರುವಿನಲ್ಲಿ ತಂತಿ ಮೀಟಿದ ಸದ್ದೇ ಕಿವಿಗೆ ಬೀಳದು. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ ಬೆಕ್ ಸ್ವರವನ್ನು ಮೌನದೊಳಗಿಂದ ಮೇಲೆತ್ತುತ್ತಾರೆ. ಆಮೇಲೆ ತಂತಿ ಜಗ್ಗಿದರೆ, ಅಳು ನುಂಗಿಕೊಂಡು ಮಾತಾಡುವವರ ದನಿ! ಹಾಡುಗಾರ ಯಾಕೆ ಬೇಕು ಹೇಳಿ?

1975ರಲ್ಲಿ ಹೊರಬಂದ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಬೆಕ್‌ಗೆ ಮಾತ್ರ ಸಮಾಧಾನವಿಲ್ಲ. ಒಂದು ಸೋಲೊ ಮತ್ತೆ ನುಡಿಸುತ್ತೇನೆ ಎಂದು ಫೋನ್ ಮಾಡಿದರಂತೆ. ರೆಕಾರ್ಡ್ ಆಗಲೇ ಅಂಗಡಿಗೆ ಹೋಗಿಯಾಗಿದೆ ಎಂದು ಮಾರ್ಟಿನ್ ತಿಳಿಸಬೇಕಾಯಿತು.