ದಕ್ಷಿಣ ಚೀನಾ ಸಮುದ್ರದ ಘೋಷಣಾಪತ್ರ: ಒಂದು ವಾಕ್ಯವಿಚಾರ

ರಾಜಕೀಯ ಪತ್ರವೊಂದನ್ನು ಈ ಪತ್ರಿಕೆಯಲ್ಲಿ ವಿಮರ್ಶಿಸುವುದು ಉಚಿತವೆ ಎಂದು ಕೆಲವರು ಶಂಕಿಸಬಹುದು. ಸೈನ್ಯಬಲದಲ್ಲಿ ಸರಿಗಟ್ಟಲಾರದ ರಾಜ್ಯಗಳಿಗೆ ಮಾತೇ ರಕ್ಷೆಯಾದುದರಿಂದ ಆ ಮಾತಿನ ಪರೀಕ್ಷೆ ವಾಕ್ಯಶಾಸ್ತ್ರವನ್ನು ಓದಿದವರ ಕೆಲಸವೂ ಹೌದು.

ಆಸಿಯಾನ್ ಎಂಬ ಆಗ್ನೇಯ ಏಷ್ಯದ ಸಂಘದ ಅಂದಿನ ಹತ್ತು ರಾಷ್ಟ್ರಗಳು ಚೀನಾದೊಡನೆ 2002ನೆಯ ನವೆಂಬರ್ 4ರಂದು ನೋಮ್ ಪೆನ್ ನಗರದಲ್ಲಿ ಈ ಪತ್ರಕ್ಕೆ ಸಹಿಮಾಡಿದುವು. ಇದರ 5ನೆಯ ಕಂಡಿಕೆಯಲ್ಲಿ ಎರಡು ವಚನಗಳುಂಟು. ವಿವಾದವನ್ನು ಬೆಳೆಸುವ ಕಾರ್ಯಗಳಲ್ಲಿ ಸಂಯಮವಿರಬೇಕೆಂಬುದು ಸಾಮಾನ್ಯವಚನ. ಜನವಸತಿಯಿಲ್ಲದ ದ್ವೀಪ ದಿಬ್ಬಗಳಲ್ಲಿ ಹೊಸದಾಗಿ ನೆಲಸಬಾರದೆಂಬುದು ವಿಶೇಷವಚನ.

2013ರಿಂದ ಮುಂದಕ್ಕೆ ಚೀನಾ ಸ್ಪ್ರಾಟ್ಲಿ ಸಮೂಹದಲ್ಲಿ, ತನ್ನ ವಶದಲ್ಲಿ ಮೊದಲೇ ಇದ್ದ ಏಳು ಹವಳದಿಬ್ಬಗಳ ಮೇಲೆ ಮರಳು ತುಂಬಿ ನೆಲವನ್ನು ನಿರ್ಮಿಸಿತು. ಇಲ್ಲಿ ಪೂರ್ವಪಕ್ಷವಿದು: ಆ ದಿಬ್ಬಗಳು ಜನಶೂನ್ಯವಾಗಿರಲಿಲ್ಲ; ಆದುದರಿಂದ ನಿಷೇಧವು ಅವನ್ನು ಮುಟ್ಟದು. ಇದು ಸಲ್ಲದು. ವಿಶೇಷವಚನಕ್ಕೆ ಮೊದಲು ‘ಇತರ ಕಾರ್ಯಗಳೊಡನೆ ಇದೂ’ ಎಂಬರ್ಥದ ಮಾತಿರುವುದರಿಂದ ಅದು ಉಪಲಕ್ಷಣವೇ ಹೊರತು ಪರಿಸಂಖ್ಯೆಯಲ್ಲ. ಕಾಗೆಗಳಿಂದ ಮೊಸರನ್ನು ಕಾಯಿರೆಂದರೆ ನಾಯಿಗೆ ಅನುಮತಿ ಕೊಟ್ಟಂತಾಗುವುದೆ?

ಹೀಗಿರಲು ಪತ್ರದ ದೋಷ ಅರ್ಥದಾರಿದ್ರ್ಯವಲ್ಲ. ಅರ್ಥನಿರ್ಣಯ ಮಾಡುವವನು ಇಲ್ಲದಿರುವುದೇ ದೋಷ. ವಿವಾದಿಗಳೇ ವ್ಯಾಖ್ಯಾತೃಗಳಾದಲ್ಲಿ ಬಲಿಷ್ಠನ ವ್ಯಾಖ್ಯಾನವೇ ನಿಲ್ಲುವುದು. ಸಂಘವಾದರೂ ನಿರ್ಣಯಿಸಬಹುದಿತ್ತಲ್ಲವೆ ಎಂದರೆ, ಅದರ ಪದ್ಧತಿ ಸರ್ವಸಮ್ಮತಿ. 2012ನೆಯ ಜುಲೈಯಲ್ಲಿ ಕಾಂಬೋಡಿಯದ ಅಧ್ಯಕ್ಷತೆಯಲ್ಲಿ ಸೇರಿದ ವಿದೇಶಮಂತ್ರಿಗಳು ಈ ಸಮುದ್ರದ ವಿಷಯದಲ್ಲಿಯೇ ಭಿನ್ನಾಭಿಪ್ರಾಯಪಟ್ಟು, 45 ವರ್ಷಗಳಲ್ಲಿ ಮೊದಲ ಬಾರಿಗೆ ಸಂಯುಕ್ತ ಹೇಳಿಕೆಯಿಲ್ಲದೆ ಚದರಿದರು. ಸರ್ವಸಮ್ಮತಿಯಿಲ್ಲದೆ ಇಂಥ ಸಂಘ ಕೂಡಿಬಾಳುವುದೂ ಕಷ್ಟ. ಆದರೆ ಅದೊಂದರಿಂದಲೇ ತೀರ್ಪು ಹುಟ್ಟದು.

ಫಿಲಿಪ್ಪೀನ್ಸ್ ಒಂದೇ 2013ರಲ್ಲಿ ಮಧ್ಯಸ್ಥ ನ್ಯಾಯಮಂಡಲಿಯನ್ನು ಆಶ್ರಯಿಸಿತು. ಘೋಷಣಾಪತ್ರವಿರುವಾಗ ಈ ದಾರಿ ಮುಚ್ಚಿದೆಯೆಂದು ಚೀನಾ ವಾದಿಸಿತು. ಪತ್ರವು ಕಾನೂನಿನಿಂದ ಬಂಧಿಸುವ ಒಪ್ಪಂದವಲ್ಲ, ಆದುದರಿಂದ ದಾರಿಯನ್ನು ಮುಚ್ಚದು ಎಂದು 2015ರಲ್ಲಿ ಮಂಡಲಿ ತೀರ್ಮಾನಿಸಿತು. ಪತ್ರದ ದೌರ್ಬಲ್ಯವೇ ದುರ್ಬಲನಿಗೆ ಬಾಗಿಲಾಯಿತು! ನವರೇಖೆಯೊಳಗಣ ಸಂಪತ್ತಿಗೆ ಚೀನಾ ಹೇಳುವ ಐತಿಹಾಸಿಕ ಹಕ್ಕಿಗೆ ಆಧಾರವಿಲ್ಲವೆಂದು 2016ನೆಯ ಜುಲೈ 12ರ ತೀರ್ಪು. ಚೀನಾ ಅದನ್ನು ಮನ್ನಿಸಲಿಲ್ಲ, ದಿಬ್ಬಗಳನ್ನೂ ಬಿಡಲಿಲ್ಲ. ಆದರೂ ಅರ್ಥವು ವಿವಾದಿಗಳ ಕೈಯಿಂದ ಹೊರಗೆ ನಿರ್ಣಯವಾಯಿತು.

ಘೋಷಣೆಯ ಮುಂದಿನ ಹೆಜ್ಜೆಯಾದ ವರ್ತನಾನಿಯಮಾವಳಿಗೆ ಏಕಕರಡನ್ನು 2018ರಲ್ಲಿ ಉಭಯಪಕ್ಷಗಳೂ ಅಂಗೀಕರಿಸಿದುವು. ಅಂಥ ನಿಯಮಾವಳಿಯಲ್ಲಿ ಸಂಯಮ, ಸೌಹಾರ್ದಗಳೆಂಬ ಸವಿಮಾತುಗಳೆಷ್ಟೆಂದು ಎಣಿಸುವುದು ವ್ಯರ್ಥ. ಅದು ಬಂಧಿಸುವುದೆ, ಸಂದೇಹ ಬಂದಾಗ ಅರ್ಥ ಹೇಳುವವರಾರು, ಎಂಬೆರಡನ್ನೇ ವಿಮರ್ಶಕನು ಮೊದಲು ಹುಡುಕಬೇಕು.