ಒಣ ಸೌದೆಯ ಬೆಲೆಗೆ ನೀರು: ಮಾರುವವರ ಹೊಣೆ ಎಲ್ಲಿಯವರೆಗೆ?

ತೂಕ ಸರಿಯಿದ್ದರೆ ವ್ಯಾಪಾರ ಸರಿಯಿದೆ ಎಂಬ ನಂಬಿಕೆಯ ಮೇಲೆ ನಮ್ಮ ಸೌದೆ ವ್ಯಾಪಾರ ನಡೆದುಕೊಂಡು ಬಂದಿದೆ. ಡಿಪೋದಲ್ಲಿ ಕಿಲೋ ಲೆಕ್ಕ, ಲಾರಿ ಲೋಡಾದರೆ ಟನ್ ಲೆಕ್ಕ. ವೇಬ್ರಿಡ್ಜಿನ ಚೀಟಿ ಕೈಗೆ ಬಂದರೆ ಮಾತು ಮುಗಿಯಿತು. ಆದರೆ ಆ ಚೀಟಿ ಹೇಳುವುದು ಭಾರವನ್ನು ಮಾತ್ರ, ಭಾರ ಯಾವುದರದ್ದು ಎಂಬುದನ್ನಲ್ಲ. ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅಂಥ ಒಂದು ಟನ್ ಹಸಿ ಸೌದೆಯಲ್ಲಿ ಮರ ಇರುವುದು 500 ಕಿಲೋ. ಅದನ್ನೇ ತೇವಾಂಶ ಶೇ 20ಕ್ಕೆ ಇಳಿಯುವವರೆಗೆ ಒಣಗಿಸಿ ಮತ್ತೆ ತೂಗಿದರೆ 625 ಕಿಲೋ ಬರುತ್ತದೆ. ಮಿಕ್ಕ 375 ಕಿಲೋ ಗಾಳಿಗೆ ಹೋದ ನೀರು. ಶಾಖದ ಲೆಕ್ಕವೂ ಹೀಗೆಯೇ ಇದೆ. ಶೇ 20ರಷ್ಟು ತೇವವಿರುವ ಸೌದೆ ಕಿಲೋಗೆ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಕೊಟ್ಟರೆ, ಶೇ 50ರಷ್ಟು ತೇವವಿರುವುದು 2 ಯೂನಿಟ್‌ಗಿಂತ ತುಸು ಹೆಚ್ಚು ಕೊಡುತ್ತದೆ, ಅಷ್ಟೇ. ಒಂದೇ ಬೆಲೆ, ಒಂದೇ ತೂಕ, ಅರ್ಧ ಶಾಖ. ಹಸಿ ಸೌದೆ ಮಾರುವುದು ತಪ್ಪಲ್ಲ. ಎಷ್ಟು ಹಸಿ ಎಂದು ಹೇಳದೆ ತೂಕಕ್ಕೆ ಮಾರುವುದು ತಪ್ಪು, ಮತ್ತು ಆ ಮೌನಕ್ಕೆ ಕಾನೂನಿನ ಹೊಣೆ ಮಾರುವವರ ಮೇಲಿರಬೇಕು ಎಂಬುದು ಈ ಬರಹದ ವಾದ.

ಇದು ಪುಡಿಗಾಸಿನ ವಿಷಯವಲ್ಲ ಎಂದು ತಿಳಿಯಲು ಹುಣಸೂರು, ಪಿರಿಯಾಪಟ್ಟಣದ ಕಡೆಯ ತಂಬಾಕು ಬ್ಯಾರನ್‌ಗಳನ್ನು ನೋಡಬೇಕು. ಅಲ್ಲಿ ಸೊಪ್ಪನ್ನು ಹದಗೊಳಿಸುವುದು ಸೌದೆಯ ಬಿಸಿಯಿಂದ. ಬ್ಯಾರನ್ನಿನೊಳಗೆ ಕಡ್ಡಿಗಳಿಗೆ ಕಟ್ಟಿದ ಹಸಿರೆಲೆ ಮೊದಲು ಹದವಾದ ಬಿಸಿಯಲ್ಲಿ ಹಳದಿಗೆ ತಿರುಗಬೇಕು, ಆಮೇಲೆ ಬಿಸಿ ಹಂತಹಂತವಾಗಿ ಏರಿ ಎಲೆ ಒಣಗಬೇಕು, ಕೊನೆಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡುನಾರು ಒಣಗಬೇಕು. ಐದಾರು ದಿನ ನಡೆಯುವ ಈ ಕೆಲಸದಲ್ಲಿ ಒಲೆ ಹಗಲೂ ರಾತ್ರಿ ಉರಿಯಬೇಕು. ಹಳದಿಗೆ ತಿರುಗಿದ ಎಲೆಗೆ ಬೇಕಾದ ಹೊತ್ತಿಗೆ ಬಿಸಿ ಏರದಿದ್ದರೆ ಅದು ಕಂದಾಗುತ್ತದೆ, ಹರಾಜು ಕಟ್ಟೆಯಲ್ಲಿ ದರ್ಜೆ ಬೀಳುತ್ತದೆ. ಹಸಿ ಸೌದೆಯನ್ನು ಎಷ್ಟು ತುಂಬಿದರೂ ಒಲೆಯ ಶಾಖದ ಪಾಲೊಂದು ಅದರ ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಗುತ್ತದೆ. ಬೇಯಿಸುವ ಹಂಗಾಮು ಶುರುವಾಗುವುದು ಮಳೆಗಾಲದ ನಡುವೆಯೇ ಆದ್ದರಿಂದ, ತಂದ ಸೌದೆಯನ್ನು ಅಂಗಳದಲ್ಲಿ ಒಣಗಿಸಿಕೊಳ್ಳುವ ದಾರಿಯೂ ರೈತರಿಗೆ ಇರುವುದಿಲ್ಲ. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆಯವರು, ಮಲೆನಾಡಿನಲ್ಲಿ ಅಡಿಕೆ ಬೇಯಿಸುವವರು, ಕಲ್ಯಾಣ ಮಂಟಪದ ಅಡುಗೆಯವರು, ಎಲ್ಲರೂ ಬೇರೆ ಬೇರೆ ಪ್ರಮಾಣದಲ್ಲಿ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರು. ಅಡುಗೆಯವರ ಪಾಲಿಗೆ ಇನ್ನೊಂದು ನಷ್ಟವೂ ಇದೆ: ಹಸಿ ಸೌದೆಯ ಹೊಗೆಯನ್ನು ಗಂಟೆಗಟ್ಟಲೆ ಕುಡಿಯುವುದು ಅವರ ಶ್ವಾಸಕೋಶ.

ಕಾನೂನು ಈ ಬಗ್ಗೆ ಏನೂ ಹೇಳುವುದಿಲ್ಲ ಎಂದುಕೊಳ್ಳುವುದು ತಪ್ಪು. 1893ರ ಇಂಗ್ಲಿಷ್ ಕಾಯ್ದೆಯ ಮಾದರಿಯಲ್ಲಿ ರೂಪುಗೊಂಡ ನಮ್ಮ ಸರಕು ಮಾರಾಟ ಕಾಯ್ದೆ, 1930, ಸೌದೆಗೂ ಅನ್ವಯಿಸುತ್ತದೆ. ಅದರ 15ನೇ ಕಲಮಿನ ಪ್ರಕಾರ, ವಿವರಣೆ ಹೇಳಿ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ‘ಒಣ ಸೌದೆ’ ಎಂದು ಹೇಳಿ ಹಸಿಯದನ್ನು ಕಳಿಸಿದರೆ ಅದು ಷರತ್ತಿನ ಉಲ್ಲಂಘನೆ. 16ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಆ ಬಗೆಯ ಸರಕನ್ನು ಪೂರೈಸುವುದೇ ಮಾರುವವರ ವ್ಯಾಪಾರವಾಗಿದ್ದು, ಕೊಳ್ಳುವವರು ತಮ್ಮ ಉದ್ದೇಶ ತಿಳಿಸಿ ಅವರ ಪರಿಣತಿಯನ್ನು ನೆಚ್ಚಿಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕಮಟ್ಟಿಗೆ ಒದಗಬೇಕೆಂಬ ಷರತ್ತು ಹೇಳದಿದ್ದರೂ ಸೇರಿಕೊಂಡೇ ಇರುತ್ತದೆ. ‘ಬ್ಯಾರನ್‌ಗೆ ಬೇಕು, ನಾಳೆಯೇ ಹಚ್ಚಬೇಕು’ ಎಂದು ಹೇಳಿ ಕೊಂಡವರಿಗೆ ಈ ಕಲಮು ಗಟ್ಟಿ ಆಸರೆ. ಆದರೆ ಇದೇ ಕಾಯ್ದೆಯಲ್ಲಿ ಸಂದುಗಳೂ ಇವೆ. ವ್ಯಾಪಾರಯೋಗ್ಯ ಗುಣಮಟ್ಟದ ಷರತ್ತಿಗೆ ಒಂದು ಅಪವಾದವಿದೆ: ಕೊಳ್ಳುವವರು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಅದು ಅನ್ವಯಿಸದು. ಜೊತೆಗೆ 1872ರ ಕರಾರು ಕಾಯ್ದೆಯ 17ನೇ ಕಲಮು, ಮಾತಾಡುವ ಕರ್ತವ್ಯ ಇಲ್ಲದ ಕಡೆ ಬರಿಯ ಮೌನ ವಂಚನೆಯಲ್ಲ ಎನ್ನುತ್ತದೆ. ಬಾಯಿಮಾತಿನಲ್ಲಿ, ಹಂಗಾಮಿನ ಆತುರದಲ್ಲಿ ನಡೆಯುವ ವ್ಯಾಪಾರದಲ್ಲಿ ‘ಒಣ’ ಎಂದು ಯಾರು ಹೇಳಿದರು, ‘ನೋಡಿ ಒಪ್ಪಿದಿರಲ್ಲ’ ಎಂದು ಯಾರು ಹೇಳಿದರು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಹಕ್ಕು ಪುಸ್ತಕದಲ್ಲೇ ಉಳಿದುಬಿಡುತ್ತದೆ.

ಇಲ್ಲಿಗೆ ನಿಜವಾದ ತೊಡಕು ಎದುರಾಗುತ್ತದೆ: ಸೌದೆಯ ವ್ಯಾಜ್ಯದಲ್ಲಿ ಸಾಕ್ಷ್ಯವೇ ಸುಟ್ಟು ಬೂದಿಯಾಗಿರುತ್ತದೆ. ಉಳಿದ ತುಂಡುಗಳಿದ್ದರೂ ಅವು ಅಷ್ಟು ಹೊತ್ತಿಗೆ ಒಣಗಿರುತ್ತವೆ, ಇಲ್ಲವೇ ಮಳೆಗೆ ನೆನೆದಿರುತ್ತವೆ. ಈ ತೊಡಕಿಗೆ ಹತ್ತಿರದ ಉದಾಹರಣೆ ಬೀಜದ ವ್ಯಾಜ್ಯಗಳಲ್ಲಿದೆ. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀಜ ಕೊಂಡ ರೈತರು ಗ್ರಾಹಕರೇ, ಅವರದು ವಾಣಿಜ್ಯ ಉದ್ದೇಶವಲ್ಲ ಎಂದು ಎತ್ತಿಹಿಡಿಯಿತು. ಪ್ರಯೋಗಾಲಯಕ್ಕೆ ಕಳಿಸಲು ಮಾದರಿ ಎತ್ತಿಡಲಿಲ್ಲ ಎಂಬ ಆಕ್ಷೇಪವನ್ನೂ ಅದು ಒಪ್ಪಲಿಲ್ಲ. ರೈತ ಕೊಂಡ ಬೀಜವನ್ನೆಲ್ಲ ಬಿತ್ತುತ್ತಾನೆ, ಪರೀಕ್ಷೆಗೆಂದು ಉಳಿಸಿಕೊಳ್ಳುವುದಿಲ್ಲ ಎಂಬುದನ್ನು ಗಣನೆಗೆ ತೆಗೆದುಕೊಂಡಿತು. ಆ ತೀರ್ಪು ಬಂದದ್ದು 1986ರ ಕಾಯ್ದೆಯಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟು, ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡದ್ದನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಒಂದು ಬ್ಯಾರನ್ ಇಟ್ಟುಕೊಂಡ ರೈತರನ್ನೂ ಮನೆಯವರೇ ಸೇರಿ ನೂಲು ಬಿಚ್ಚುವ ಕುಟುಂಬವನ್ನೂ ಇದೇ ತರ್ಕದಲ್ಲಿ ನೋಡಬೇಕು. ಬೀಜದಂತೆ ಸೌದೆಯೂ ಬಳಸಿದಾಗಲೇ ಇಲ್ಲವಾಗುವ ಸರಕು. ಆದ್ದರಿಂದ ಗುಣಮಟ್ಟವನ್ನು ದಾಖಲಿಸಬೇಕಾದ ಗಳಿಗೆ ತೂಗುವ ಗಳಿಗೆಯೇ, ದಾಖಲಿಸಬೇಕಾದವರು ತೂಗುವವರೇ.

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ ಎಂದು ನೋಡಿದರೆ ನಮ್ಮ ಕೊರತೆ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ 2020ರಲ್ಲಿ ರೂಪಿಸಿ 2021ರ ಮೇ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಮನೆಬಳಕೆಗೆ 2 ಘನ ಮೀಟರ್‌ಗಿಂತ ಕಡಿಮೆ ಸೌದೆ ಮಾರುವಾಗ ತೇವಾಂಶ ಶೇ 20ನ್ನು ಮೀರಬಾರದು, ‘ರೆಡಿ ಟು ಬರ್ನ್’ ಎಂಬ ಪ್ರಮಾಣ ಮುದ್ರೆ ಇರಬೇಕು. ಅದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಹಸಿಯಾಗಿಯೇ ಮಾರಬಹುದು, ಆದರೆ ಹೇಗೆ ಒಣಗಿಸಬೇಕು, ತೇವಾಂಶ ಹೇಗೆ ನೋಡಬೇಕು ಎಂಬ ಸೂಚನೆಯನ್ನು ಜೊತೆಗೆ ಕೊಡಬೇಕು. ಸಣ್ಣ ಚೀಲ ಕೊಂಡವರು ಅಂದೇ ಉರಿಸುತ್ತಾರೆ, ರಾಶಿ ಕೊಂಡವರು ಒಣಗಿಸಿಕೊಳ್ಳುತ್ತಾರೆ ಎಂಬ ತಿಳಿವಳಿಕೆ ಈ ನಿಯಮದ ಬೆನ್ನೆಲುಬು, ಅದರ ಗೆಲುವೂ ಅದೇ. ಆದರೆ ಅದರ ಕಣ್ಣಿರುವುದು ಗಾಳಿಯಲ್ಲಿ ಬೆರೆಯುವ ಸೂಕ್ಷ್ಮ ಕಣಗಳ ಮೇಲೆ. ಕೊಂಡವರ ಹಣದ ನಷ್ಟ ಅದಕ್ಕೆ ಎರಡನೆಯ ಮಾತು. ಅಮೆರಿಕದ ರಾಜ್ಯಗಳಿಗೆಂದು ಸಿದ್ಧಪಡಿಸಿದ ಮಾದರಿ ಅಳತೆ ನಿಯಮ ಇನ್ನೊಂದು ದಾರಿ ಹಿಡಿದಿದೆ: ಒಲೆಯ ಸೌದೆಯನ್ನು ತೂಕಕ್ಕೆ ಮಾರದೆ, 128 ಘನ ಅಡಿಯ ‘ಕಾರ್ಡ್’ ಲೆಕ್ಕದಲ್ಲೋ ಘನ ಮೀಟರ್ ಲೆಕ್ಕದಲ್ಲೋ ಮಾರಬೇಕು. ಅಳತೆ ಗಾತ್ರದ್ದಾದರೆ ನೀರನ್ನು ಮರದ ಬೆಲೆಗೆ ಮಾರುವ ಆಮಿಷವೇ ಹೋಗುತ್ತದೆ. ನಮ್ಮಲ್ಲಿ ತೂಕವೇ ರೂಢಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ತಕ್ಕಡಿಯ ಸತ್ಯವನ್ನು ಕಾಯುತ್ತದೆ, ತಕ್ಕಡಿಯ ಮೇಲಿರುವುದರ ಸತ್ಯವನ್ನು ಕಾಯುವ ಏರ್ಪಾಡು ಸೌದೆಗೆ ಇಲ್ಲ.

ಇದಕ್ಕೆ ವ್ಯಾಪಾರಿಗಳ ಮೊದಲ ಆಕ್ಷೇಪ, ಸೌದೆ ಹಸಿಯೋ ಒಣಗಿದ್ದೋ ಎಂಬುದು ಕಣ್ಣಿಗೇ ಕಾಣುತ್ತದೆ, ಕೊಳ್ಳುವವರೇ ಎಚ್ಚರವಾಗಿರಬೇಕು ಎಂಬುದು. ಅರ್ಧ ಮಾತ್ರ ನಿಜ. ತೊಗಟೆ ಹಸಿರಾಗಿ, ರಸ ಜಿನುಗುತ್ತಿದ್ದರೆ ಯಾರಿಗೂ ಗೊತ್ತಾಗುತ್ತದೆ. ಅದನ್ನು ಹಸಿಯ ದರಕ್ಕೆ ಕೊಂಡವರು ಆಮೇಲೆ ದೂರುವಂತಿಲ್ಲ, ದೂರಲೂಬಾರದು. ಆದರೆ ಮರ ಒಣಗುವುದು ಹೊರಗಿನಿಂದ ಒಳಗೆ. ಎರಡು ತಿಂಗಳು ಬಿಸಿಲಿಗೆ ಬಿದ್ದ ದಪ್ಪ ನೀಲಗಿರಿ ದಿಮ್ಮಿಯ ತುದಿ ಬಿರುಕುಬಿಟ್ಟು ಒಣಗಿದಂತೆ ಕಂಡರೂ, ಸೀಳಿದರೆ ಒಳಮೈ ತಣ್ಣಗೆ ಒದ್ದೆಯಾಗಿರುತ್ತದೆ. ಲಾರಿಯ ಮೇಲಿನ ಸಾಲನ್ನು ಮುಟ್ಟಿ ನೋಡುವ ಕೊಳ್ಳುವವರಿಂದ ಈ ಪರೀಕ್ಷೆ ಆಗದು. ಸರಕು ಮಾರಾಟ ಕಾಯ್ದೆಯ ಅಪವಾದವನ್ನು ಇಲ್ಲಿಗೆ ಎಳೆದು ತರುವುದು ನ್ಯಾಯವಲ್ಲ, ಏಕೆಂದರೆ ಸಾಮಾನ್ಯ ಪರೀಕ್ಷೆಯಲ್ಲಿ ಈ ದೋಷ ಕಾಣುವಂಥದ್ದೇ ಅಲ್ಲ. ಸರ್ವೆಯಂಥ ಮರ ಹಸಿಯಾಗಿದ್ದರೂ ಉರಿಯುತ್ತದಲ್ಲ ಎಂದೂ ಕೇಳಬಹುದು. ಉರಿಯುತ್ತದೆ, ಆದರೆ ಅದರ ನೀರಿಗೂ ಮರದ ದರ ಕೊಟ್ಟದ್ದು ಸುಳ್ಳಾಗುವುದಿಲ್ಲ.

ಎರಡನೆಯ ಆಕ್ಷೇಪ ಅಳತೆಯದು: ತೇವಾಂಶದ ಮೀಟರ್‌ಗಳನ್ನು ನಂಬುವಂತಿಲ್ಲ ಎಂಬುದು. ಇದರಲ್ಲಿ ಹುರುಳಿದೆ. ಮೊಳೆಯಂಥ ಎರಡು ಮುಳ್ಳು ಚುಚ್ಚಿ ನೋಡುವ ಮೀಟರ್ ಮರದ ಜಾತಿಗೆ ತಕ್ಕಂತೆ ಬೇರೆ ಅಂಕಿ ತೋರುತ್ತದೆ, ಒದ್ದೆ ಹೆಚ್ಚಾದಷ್ಟೂ ಅದರ ನಿಖರತೆ ತಗ್ಗುತ್ತದೆ. ಅದು ಸಾಮಾನ್ಯವಾಗಿ ತೋರಿಸುವುದು ಒಣ ಮರದ ತೂಕಕ್ಕೆ ಹೋಲಿಸಿದ ನೀರಿನ ಪಾಲನ್ನು; ಒಟ್ಟು ತೂಕದ ಶೇ 20 ಎಂಬುದು ಅದರಲ್ಲಿ ಶೇ 25 ಎಂದು ಕಾಣಬೇಕು. ಹೊರಮೈಗೆ ಚುಚ್ಚಿದರೆ ಉತ್ತರ ಸುಳ್ಳು. ತುಂಡನ್ನು ಸೀಳಿ, ಹೊಸ ಮೈಗೆ ಚುಚ್ಚಬೇಕು. ಇಷ್ಟೆಲ್ಲ ಒಪ್ಪಿದರೂ ನಮ್ಮ ತಕರಾರು ಶೇ 23ಕ್ಕೂ 25ಕ್ಕೂ ನಡುವಿನದ್ದಲ್ಲ, 20ಕ್ಕೂ 50ಕ್ಕೂ ನಡುವಿನದ್ದು. ಒಣ, ಅರೆ ಒಣ, ಹಸಿ ಎಂಬ ಮೂರು ದರ್ಜೆಗೆ ಈ ಸಾಧನ ಸಾಕು. ತಕರಾರು ಬಿದ್ದರೆ ತುಂಡೊಂದನ್ನು ತೂಗಿ, ಸುಮಾರು 105 ಡಿಗ್ರಿ ಬಿಸಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗುವ ಪರೀಕ್ಷೆ ಇದ್ದೇ ಇದೆ. ಇದೇ ರೈತರು ಬೆಂಬಲ ಬೆಲೆಗೆ ಭತ್ತ ತಂದರೆ ತೇವಾಂಶ ಶೇ 17, ಮೆಕ್ಕೆಜೋಳ ತಂದರೆ ಶೇ 14 ದಾಟಬಾರದೆಂಬ ಮಿತಿಯಿದೆ, ಮೀಟರ್ ಹಿಡಿದೇ ನೋಡುತ್ತಾರೆ. ರೈತರು ಮಾರುವಾಗ ನಂಬಲರ್ಹವಾದ ಅಳತೆ ಅವರು ಕೊಳ್ಳುವಾಗ ಅಸಾಧ್ಯವಾಗಲು ಕಾರಣವಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ತೋಟದ ನಾಲ್ಕು ಸಿಲ್ವರ್ ಓಕ್ ಕಡಿಸಿ ಮಾರುವ ಸಣ್ಣ ಹಿಡುವಳಿದಾರರಿಗೆ ಮೀಟರ್, ಚೀಟಿ, ದಂಡ ಎಂದರೆ ಅವರು ಮಧ್ಯವರ್ತಿಯ ಕೈಗೇ ಬೀಳುತ್ತಾರೆ. ಈ ಭಯವನ್ನು ಕಡೆಗಣಿಸಬಾರದು. ಇಂಗ್ಲೆಂಡ್ ಕೂಡ ವರ್ಷಕ್ಕೆ 600 ಘನ ಮೀಟರ್‌ಗಿಂತ ಕಡಿಮೆ ಮಾರುವವರಿಗೆ ಒಂದು ವರ್ಷದ ಕಾಲಾವಕಾಶ ಕೊಟ್ಟಿತ್ತು. ನಮ್ಮಲ್ಲಿ ಹೊಣೆ ಡಿಪೋ ಇಟ್ಟುಕೊಂಡು ವ್ಯಾಪಾರ ಮಾಡುವವರಿಂದ ಆರಂಭವಾಗಬೇಕು. 16ನೇ ಕಲಮು ಕೂಡ ಹೊಣೆ ಹೊರಿಸುವುದು ಆ ಸರಕಿನ ವ್ಯಾಪಾರ ಮಾಡುವವರ ಮೇಲೆ. ಸಣ್ಣ ರೈತರು ‘ಹಸಿ’ ಎಂದು ಬರೆದುಕೊಟ್ಟರೆ, ಇಲ್ಲವೇ ತೂಕ ಬಿಟ್ಟು ಲೋಡಿನ ಲೆಕ್ಕಕ್ಕೆ ಮಾರಿದರೆ ಅವರ ಹೊಣೆ ಅಲ್ಲಿಗೆ ತೀರಬೇಕು. ಹಸಿ ಸೌದೆಗೆ ನ್ಯಾಯವಾದ ಗಿರಾಕಿಗಳೂ ಇದ್ದಾರೆ: ಬೇಸಿಗೆಯಲ್ಲಿ ಕೊಂಡು, ಸೀಳಿ ಒಟ್ಟಿ, ಮುಂದಿನ ಹಂಗಾಮಿಗೆ ಒಣಗಿಸಿಕೊಳ್ಳುವವರು. ನಿಷೇಧ ಅವರ ಕೈ ಕಟ್ಟುತ್ತದೆ, ಬರೆದ ಮಾಹಿತಿ ಕಟ್ಟುವುದಿಲ್ಲ.

ಹೊಣೆಗೂ ಒಂದು ಎಲ್ಲೆ ಬೇಕು, ಇಲ್ಲದಿದ್ದರೆ ವಾದ ಅತಿಗೆ ಹೋಗುತ್ತದೆ. ಒಣ ಎಂದು ಹೇಳಿ ಹಸಿ ಕೊಟ್ಟವರು ಬೆಲೆಯ ವ್ಯತ್ಯಾಸವನ್ನು ಯಾವ ತಕರಾರೂ ಇಲ್ಲದೆ ಹಿಂತಿರುಗಿಸಬೇಕು. ಹಾಳಾದ ಸೊಪ್ಪಿನ ನಷ್ಟದ ಮಾತು ಬೇರೆ. ಕರಾರು ಕಾಯ್ದೆಯ 73ನೇ ಕಲಮು, ಸಹಜವಾಗಿ ಉಂಟಾಗುವ ನಷ್ಟಕ್ಕೂ ಕರಾರಿನ ಹೊತ್ತಿಗೆ ಇಬ್ಬರಿಗೂ ಗೊತ್ತಿದ್ದ ನಷ್ಟಕ್ಕೂ ಪರಿಹಾರ ಕೊಡಿಸುತ್ತದೆ. ದೂರದ, ಪರೋಕ್ಷ ನಷ್ಟಕ್ಕೆ ಕೊಡಿಸುವುದಿಲ್ಲ. ಬ್ಯಾರನ್ನಿಗೆಂದು ತಿಳಿದೇ ಮಾರಿದ್ದರೆ ನಷ್ಟದಲ್ಲಿ ಪಾಲು ಹೊರಬೇಕು. ಒಲೆ ಸರಿಯಿರಲಿಲ್ಲ, ರಾತ್ರಿ ಬೆಂಕಿ ನೋಡಿಕೊಳ್ಳುವವರು ಮಲಗಿದ್ದರು ಎಂದಾದರೆ ಆ ಪಾಲು ತಗ್ಗಬೇಕು. ಹೊಗೆಕೊಳವೆಯಲ್ಲಿ ಡಾಂಬರಿನಂಥ ಮಸಿ ಕಟ್ಟಿ ಬೆಂಕಿ ಹತ್ತಿದ ಪ್ರಸಂಗದಲ್ಲಂತೂ, ತಿಂಗಳುಗಟ್ಟಲೆ ಕೊಳವೆ ಗುಡಿಸದಿದ್ದ ತಪ್ಪನ್ನು ಒಂದು ಲೋಡಿನ ಮೇಲೆ ಹೊರಿಸಲಾಗದು. ಹೀಗೆ ಅಳೆದು ಹಂಚಿದ ಹೊಣೆ ವ್ಯಾಪಾರಿಯನ್ನು ಮುಳುಗಿಸುವುದಿಲ್ಲ, ಆದರೆ ಮೌನವನ್ನು ಲಾಭದಾಯಕವಾಗಿ ಉಳಿಸುವುದೂ ಇಲ್ಲ.

ಆದ್ದರಿಂದ ಬೇಕಾಗಿರುವುದು ದೊಡ್ಡ ಕಾನೂನಲ್ಲ. ತೂಕಕ್ಕೆ ಸೌದೆ ಮಾರುವ ಪ್ರತಿ ಡಿಪೋದ ಚೀಟಿಯಲ್ಲಿ ಮರದ ಜಾತಿ, ತೇವಾಂಶದ ದರ್ಜೆ, ನೋಡಿದ ದಿನಾಂಕ, ಈ ಮೂರು ಕಡ್ಡಾಯವಾಗಿರಬೇಕು. ಇದಿಲ್ಲದ ಚೀಟಿಯಿದ್ದರೆ ಸೌದೆ ಒಣ ಎಂದೇ ಮಾರಿದ್ದು ಎಂದು ಕಾನೂನು ಭಾವಿಸಬೇಕು. ಆಗ 1930ರ ಕಾಯ್ದೆಯ ಹಕ್ಕಿಗೆ ಸಾಕ್ಷಿ ಸಿಗುತ್ತದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲದೆ ದೂರು ಕೊಡಬಹುದಾದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ಸಣ್ಣ ರೈತರಿಗೂ ನಿಜಕ್ಕೂ ತೆರೆಯುತ್ತದೆ. ತಿಂಗಳುಗಟ್ಟಲೆ ಸೌದೆ ಒಣಗಿಸಿ ಮಾರುವ ಪ್ರಾಮಾಣಿಕ ವ್ಯಾಪಾರಿಗೂ ಇದರಿಂದಲೇ ನ್ಯಾಯ, ಏಕೆಂದರೆ ಇಂದಿನ ಪದ್ಧತಿಯಲ್ಲಿ ಒಣಗಿಸಿದಷ್ಟೂ ತೂಕ ಕಳೆದುಕೊಂಡು ನಷ್ಟಪಡುವವರು ಅವರೇ. ಶ್ರದ್ಧೆಗೆ ದಂಡ ಹಾಕಿ ಅವಸರಕ್ಕೆ ಲಾಭ ಕೊಡುವ ಈ ಪದ್ಧತಿ, ತೂಕ ಎಷ್ಟೇ ಕರಾರುವಾಕ್ಕಾಗಿರಲಿ, ನ್ಯಾಯದ ವ್ಯಾಪಾರ ಎನಿಸಿಕೊಳ್ಳಲಾರದು.