ಮಧ್ಯಮಪುರುಷದ ಕಥನ

ಕಥನದಲ್ಲಿ 'ಅವನು', 'ನಾನು' ಎಂಬಿವು ರೂಢವಾಗಿವೆ, 'ನೀನು' ವಿರಳವಾದುದು. ಫ್ರೆಂಚ್ ಲೇಖಕ ಮಿಶೆಲ್ ಬ್ಯುಟೋರನು 1957ರಲ್ಲಿ ಒಂದು ಕಾದಂಬರಿಯನ್ನು 'ನೀವು' ಎಂದೇ ನಡೆಸಿದನು. ಕನ್ನಡದಲ್ಲಿ ಇದಕ್ಕೆ ವಚನಗಳ ಸಂಬೋಧನೆಯೇ ಪೂರ್ವಾಧಾರವೆಂದು ತೋರಬಹುದು. ಆದರೆ ಅದು ವಿಚಾರಾರ್ಹವು.

ತುಮಕೂರು ಸೀಮೆಯ ಎರಡು ನಿದರ್ಶನಗಳು ಸಾಕು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗಯತಿಗಳು ತಮ್ಮ ಅಂಕಿತವನ್ನು 'ಪ್ರಭುವೇ' ಎಂದು ಸಂಬೋಧನೆಯಲ್ಲಿಯೇ ನಿಲ್ಲಿಸುತ್ತಾರೆ. ಅಲ್ಲಿ ಪ್ರಭುವು ಕೇಳುವವನು. ಅವನ ಕಥೆಯನ್ನು ಅವನಿಗೆ ಹೇಳುತ್ತಿಲ್ಲ. ಗುಬ್ಬಿಯ ಮಲ್ಲಣಾರ್ಯನ 'ಭಾವಚಿಂತಾರತ್ನ'ದಲ್ಲಿ (1513) ಕಥೆಯುಂಟು. ಆದರೆ ಸತ್ಯೇಂದ್ರಚೋಳನ ವೃತ್ತಾಂತವು ಸಾಗುವುದು ಪ್ರಥಮಪುರುಷದಲ್ಲಿ. ಒಂದರಲ್ಲಿ ಸಂಬೋಧನೆ, ಇನ್ನೊಂದರಲ್ಲಿ ಕಥನ. ಇವೆರಡೂ ಕೂಡಿದಲ್ಲದೆ ಮಧ್ಯಮಪುರುಷದ ಕಥನವಾಗದು.

ಹಾಗೆ ಕೂಡಿಸಹೊರಟವನಿಗೆ ವ್ಯಾಕರಣವೂ ಅಡ್ಡಬರುತ್ತದೆ. ಹಳಗನ್ನಡದಲ್ಲಿ 'ಬಂದೆಂ' ಉತ್ತಮಪುರುಷ, 'ಬಂದಯ್' ಮಧ್ಯಮಪುರುಷ. ಕೇಶಿರಾಜನು ಈ ಪ್ರತ್ಯಯಗಳನ್ನು ಬೇರೆಬೇರೆಯಾಗಿ ವಿಧಿಸಿದ್ದಾನೆ. ಹೊಸಗನ್ನಡದ ಬರಹದಲ್ಲಾದರೋ ಎರಡಕ್ಕೂ ಸಾಮಾನ್ಯವಾಗಿ 'ಬಂದೆ' ಎಂಬುದೊಂದೇ ರೂಪ. ಕರ್ತೃಪದವನ್ನು ಬಿಟ್ಟರೆ ಬಂದವನಾರೆಂದು ತಿಳಿಯದು; ಬಿಡದಿದ್ದರೆ ವಾಕ್ಯವಾಕ್ಯಕ್ಕೂ 'ನೀನು' ಮರುಕಳಿಸಿ ಕಿವಿಗೆ ಭಾರವಾಗುವುದು. 'ನೀವು ಬಂದಿರಿ' ಎಂದರೆ ಸಂದೇಹ ತೊಲಗುವುದು, ಜೊತೆಗೆ ಸಲಿಗೆಯೂ ತೊಲಗುವುದು.

ಆದರೂ ಈ ಸಂದಿಗ್ಧತೆಯು ಎಲ್ಲೆಡೆಯೂ ದೋಷವಲ್ಲ. ತನ್ನನ್ನು ತಾನೇ 'ನೀನು' ಎಂದು ವಿಚಾರಿಸಿಕೊಳ್ಳುವ ಪಾತ್ರದಲ್ಲಿ ಹೇಳುವವನೂ ಕೇಳುವವನೂ ಒಬ್ಬನೇ. ಅಲ್ಲಿ 'ಬಂದೆ' ಎಂಬ ಒಂದೇ ಪದವು ತಪ್ಪೊಪ್ಪಿಗೆಯೂ ಆಪಾದನೆಯೂ ಆಗಬಲ್ಲುದು. ಮಧ್ಯಮಪುರುಷದ ಕಥನಕ್ಕೆ ಕನ್ನಡವು ಕೊಡುವ ವಿಶೇಷಾವಕಾಶವು ಇದೇ; ವಚನದ ಅನುಕರಣದಿಂದ ಅದು ದೊರೆಯಲಾರದು.